ಪಂಚಮಿ ಯಾವಾಗ ಎಂದು ಕೇಳಿದೆ

ಬುಧವಾರ, 23 ಜುಲೈ 2025. ಸಿಂಧನೂರು

ನಿಯಮ ಮುರಿದೆನೋ ಇಲ್ಲವೋ, ಇನ್ನೂ ತಿಳಿಯುತ್ತಿಲ್ಲ.

ಗೊರೇಬಾಳದ ದೊಡ್ಡಬಸಪ್ಪನ ಮೇಲೆ ತಂಗಿ ಶಿವಕುಮಾರಿ ಹೂಡಿದ ಗದ್ದೆ ಪಾಲಿನ ದಾವೆಯನ್ನು ಕೋರ್ಟಿನವರು ಮಧ್ಯಸ್ಥಿಕೆಗೆಂದು ನನಗೆ ಕಳಿಸಿದ್ದಾರೆ. ಇಂದು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದೆ.

"ದಾವೆ ಹಾಕಿದ ಮ್ಯಾಲ ಅಣ್ಣ ಪಂಚಮಿಗೆ ಕರಿಯಾಕ ಬಂದಿಲ್ರೀ," ಎಂದಳು ತಂಗಿ.

"ಹೋದ್ರ ಬಾಗ್ಲಾ ಹಾಕ್ಯಾಳು ಅಂತ ಅಂಜಿಕಿ ರೀ," ಎಂದ ಅಣ್ಣ.

ಇದನ್ನು ಹೊರಗೆ ಹೇಳಬೇಡಿ ಎಂದರು ಇಬ್ಬರೂ. ನಾನು ಹೇಳುವಂತೆಯೂ ಇಲ್ಲ.

ಇಬ್ಬರನ್ನೂ ಕೂಡಿಸಿದರೆ ಮತ್ತೆ ಅದೇ ಜಗಳ. ಸಾಕಾಗಿ, "ಈ ಸಲ ಪಂಚಮಿ ಯಾವಾಗ ರೀ?" ಎಂದೆ.

"ಬರೋ ಮಂಗಳವಾರ," ಎಂದಳು ಶಿವಕುಮಾರಿ.

ದೊಡ್ಡಬಸಪ್ಪ ನೆಲ ನೋಡುತ್ತ, "ಸೋಮವಾರ ಸಂಜಿಕ ಬರ್ತೀನಿ. ತಯಾರಾಗಿರು," ಎಂದ.

ಯಾರ ಗುಟ್ಟನ್ನೂ ನಾನು ಹೇಳಲಿಲ್ಲ, ದಿನ ಕೇಳಿದೆ ಅಷ್ಟೆ. ಆದರೆ ಕ್ಯಾಲೆಂಡರು ನನ್ನೆದುರಿನ ಗೋಡೆಯಲ್ಲೇ ಇತ್ತು.