ಸಮುದ್ರದ ಗಾಳಿ ನಿಂತಾಗ

ಮೇ ೩, ಬಾಲೇಶ್ವರ

ಮೊಬೈಲಿನಲ್ಲಿ ಸಿಡಿಲಿನ ಎಚ್ಚರಿಕೆ ಬಂತೆಂದು ಅಣ್ಣನ ಮಗಳು ಮಿನತಿ ಹೆಸರುಕಾಯಿ ಬಿಡಿಸುವುದನ್ನು ಬಿಟ್ಟು ಮನೆಗೆ ಹೊರಟಿದ್ದಳು. ತಡೆದವನು ನಾನೇ.

"ಆ ಡಬ್ಬಿಗೇನೇ ಗೊತ್ತು? ಈ ಊರಿನ ಹವಾಮಾನ ಇಲಾಖೆ ನಾನು! ವಾಯವ್ಯದಲ್ಲಿ ಮೋಡ ಎಲ್ಲಿದೆ, ತೋರ್ಸು."

"ನಿಮ್ಮ ಇಲಾಖೆ ನಂಬೇ ಹೋದ್ವಾರ ಒಣಮೀನೆಲ್ಲ ನೆಂದೋಯ್ತು, ಕಾಕಾ," ಎಂದು ನಕ್ಕು ಮತ್ತೆ ಹೊಲಕ್ಕಿಳಿದಳು.

ಸ್ವಲ್ಪ ಹೊತ್ತಿಗೆ ಸಮುದ್ರದ ಗಾಳಿ ತಟ್ಟನೆ ನಿಂತಿತು. ಅದು ಹಾಗೆ ನಿಂತರೆ ಕಾಲಬೈಶಾಖಿ, ಬೇಸಿಗೆಯ ಸಿಡಿಲು-ಬಿರುಗಾಳಿ, ಬಂತೆಂದೇ ಅರ್ಥ. ನನಗೆ ಗೊತ್ತಾಯಿತು. ಆಡಿದ ಮಾತು ನುಂಗಲಾರದೆ ಬದುವಿನ ಮೇಲೆ ಕೂತು ಬೀಡಿ ಹಚ್ಚಿದೆ. ಅದು ಮುಗಿಯುವ ಮುಂಚೆಯೇ ಅವಳ ಪಕ್ಕದ ತಾಳೆಮರಕ್ಕೆ ಸಿಡಿಲು ಬಡಿಯಿತು.

ಮಗು ಬದುಕಿದೆ. ಎಡಗಿವಿ ಕೇಳಿಸುತ್ತಿಲ್ಲ. ಆಸ್ಪತ್ರೆಯಲ್ಲಿ ಅಣ್ಣ ನನ್ನನ್ನೇ ದಿಟ್ಟಿಸುತ್ತಿದ್ದ. "ಕಾಕಾಗೆ ಬಯ್ಬೇಡಿ ಅಪ್ಪಾ, ಅವ್ರಿಗೂ ಗೊತ್ತಾಗ್ಲಿಲ್ಲ," ಎಂದಳು.

"ಹೌದಣ್ಣ, ಗೊತ್ತಾಗ್ಲಿಲ್ಲ," ಎಂದೆ. ಮಳೆಯ ವಿಷಯದಲ್ಲಿ ಗೊತ್ತಾಗಲಿಲ್ಲವೆಂದು ನಾನು ಒಪ್ಪಿಕೊಂಡದ್ದು ಇದೇ ಮೊದಲು. ಅದೂ ಸುಳ್ಳು.