ಅಚ್ಚಾದ ಪದ್ಯ ಮಾತ್ರ

ರಾಜಾಜಿನಗರ,
೧೮-೧೧-೧೯೫೬

ಚಿ. ಸೌ. ಅನಂತಲಕ್ಷ್ಮಿಗೆ ನಿನ್ನ ಅಣ್ಣ ಪುರುಷೋತ್ತಮ ಮಾಡುವ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ. ಸೋಮಾರಿ ಅಂತ ಬೈದುಕೋ, ಒಪ್ಪಿಕೊಳ್ಳುತ್ತೇನೆ. ಇಲ್ಲಿ ಎಲ್ಲರೂ ಆರೋಗ್ಯ. ನಮ್ಮ ಬೀದಿಗೆ ಕೊನೆಗೂ ನಲ್ಲಿ ಬಂತು. ನೀರು ಇನ್ನೂ ಬಂದಿಲ್ಲ.

ಈಗ ವಿಷಯ. ಅಮ್ಮ ತುಮಕೂರಿಗೆ ಬಂದು ನಿನ್ನ ಮನೆಯಲ್ಲೇ ಇರುತ್ತಾಳಂತೆ. "ಲಕ್ಷ್ಮಿಗೆ ಬರಿ, ಬಂದು ಕರ್ಕೊಂಡು ಹೋಗ್ಲಿ" ಅಂತ ವಾರದಿಂದ ಒಂದೇ ಹಟ. ನನ್ನ ಜೊತೆ ಬೇರೆ ಮಾತೇ ಇಲ್ಲ. ಕಾರಣ ಹೇಳಿದರೆ ನೀನು ನಗುತ್ತೀಯ. ನನಗಂತೂ ನಗು ಬರುತ್ತಿಲ್ಲ.

ರಾಜ್ಯ ಒಂದಾದ ಸಂತೋಷಕ್ಕೆ ಕಳೆದ ಭಾನುವಾರ ಸಂಜೆ ನಮ್ಮ ಬಡಾವಣೆಯ ಸಂಘದವರು 'ಮೆಚ್ಚಿನ ಕವಿತೆ' ಅಂತ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಯಾರು ಬೇಕಾದರೂ ಬಂದು ತಮಗೆ ಇಷ್ಟವಾದ ಪದ್ಯ ಓದಬಹುದು. ಕಾರ್ಯದರ್ಶಿ ನಾನೇ. ಹರಟೆ ಆಗಬಾರದು ಅಂತ ಒಂದು ನಿಯಮ ಮಾಡಿದ್ದೆ: ಅಚ್ಚಾದ ಪದ್ಯವೇ ಆಗಬೇಕು, ಓದುವವರ ಕೈಯಲ್ಲಿ ಪುಸ್ತಕ ಇರಬೇಕು. ಅಧ್ಯಕ್ಷರಾದ ವೆಂಕಟಗಿರಿಯವರು "ಭೇಷ್, ಶಿಸ್ತು ಅಂದ್ರೆ ಇದು ಕಣ್ರೀ" ಅಂದಿದ್ದರು. ನಾನು ಉಬ್ಬಿಹೋಗಿದ್ದೆ.

ನಾಲ್ಕು ಜನ ಓದಿದ ಮೇಲೆ ಹನುಮಕ್ಕ ಎದ್ದು ಬಂದಳು. ನಮಗೆ ಹಾಲು ಹಾಕುವವಳು. ಬಡಾವಣೆ ಆಗುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ. ಕೈಯಲ್ಲಿ ಪುಸ್ತಕ ಇಲ್ಲ. ಸೆರಗು ಹೊದ್ದು, ಕಣ್ಣು ಮುಚ್ಚಿ, ಬೀಸುವಾಗ ಹೇಳುವ ಪದ ಶುರು ಮಾಡಿಯೇಬಿಟ್ಟಳು. ಗಂಡನ ಮನೆಗೆ ಹೊರಟ ಹುಡುಗಿ ತೌರಿನ ಒಂದೊಂದು ಹೊಲದ ಹತ್ತಿರವೂ ನಿಂತು ಹೋಗಿಬರ್ತೀನಿ ಅನ್ನುವ ಹಾಡು. ಎರಡು ನುಡಿ ಆಗಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೆಂಕಟಗಿರಿಯವರು ನನ್ನ ಕಡೆ ನೋಡಿದರು. ನಾನು ಎದ್ದು, "ಸಾಕಮ್ಮ, ಇದು ಪದ್ಯ ಅಲ್ಲ, ಕೂತ್ಕೋ" ಅಂದೆ.

"ಪದ್ಯ ಅಲ್ವಾ ಸೋಮಿ? ನಂಗೊತ್ತಿರ್ಲಿಲ್ಲ ಬುಡಿ" ಅಂದಳು. ಕೂರಲಿಲ್ಲ, ಹೊರಟೇ ಹೋದಳು. ಮಾರನೆಯ ದಿನ ಹಾಲು ಮಾತ್ರ ಎಂದಿನ ಹಾಗೇ ಬಂತು. ನನಗೆ ಅದೇ ಹೆಚ್ಚು ಚುಚ್ಚಿತು.

ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಅಲ್ಲವೇನೇ? ನಿನ್ನ ಅತ್ತಿಗೆ ಸತ್ಯವತಿಯನ್ನು ಕೇಳಿದರೆ "ನನ್ನ ಕೇಳ್ಬೇಡಿ" ಅಂತ ಒಳಗೆ ಹೋಗುತ್ತಾಳೆ.

ನೀನು ಬಾ. ಆದರೆ ಅಮ್ಮನನ್ನು ಕರೆದುಕೊಂಡು ಹೋಗಬೇಡ. ನನ್ನ ಪರವಾಗಿ ಒಂದು ಮಾತು ಆಡು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಪುರುಷೋತ್ತಮ

ತಾ. ಕ.: ಮೇಲೆ ಒಂದು ವಿಷಯ ಬಿಟ್ಟಿದ್ದೇನೆ. ಹಾಗೇ ಅಂಚೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಹನುಮಕ್ಕನನ್ನು ಕರೆತಂದವಳು ಅಮ್ಮ. ನಾನು ಆಫೀಸಿಗೆ ಹೋದ ಮೇಲೆ ಇಬ್ಬರೂ ಹಿತ್ತಿಲಲ್ಲಿ ಕೂತು ದಿನಾ ಆ ಹಾಡು ಹೇಳಿಕೊಳ್ಳುತ್ತಿದ್ದರಂತೆ. ಅಮ್ಮನಿಗೆ ಓದು ಬಾರದು. ನಿಯಮದ ವಿಷಯ ನಾನೂ ಅವಳಿಗೆ ಹೇಳಿರಲಿಲ್ಲ. "ನೀನು ಎತ್ಕೋ, ಮೂರನೇ ನುಡಿಗೆ ನಾನು ಸೇರ್ಕೋತೀನಿ" ಅಂತ ಮಾತಾಗಿತ್ತಂತೆ. ಇದಿಷ್ಟು ಸತ್ಯವತಿ ನಿನ್ನೆ ಹೇಳಿದಳು. ಉಳಿದದ್ದನ್ನು ಯಾರೂ ಹೇಳಬೇಕಾಗಿಲ್ಲ, ಲಕ್ಷ್ಮಿ. ನಾನು "ಸಾಕಮ್ಮ" ಅಂದಾಗ ಹೆಂಗಸರ ಸಾಲಿನಲ್ಲಿ ಅಮ್ಮ ಆಗಲೇ ಎದ್ದು ನಿಂತಿದ್ದಳು, ಹಾಡಲು ಬಾಯಿ ತೆರೆದಿದ್ದಳು. ನಾನು ನೋಡಿದೆ. ನೋಡಿಯೂ, ಮುಂದಿನವರ ಹೆಸರು ಕರೆದೆ.