ಹದಿನೇಳನೇ ಪುಟದ ‘ಇಲ್ಲ’

ಮಾನ್ಯ ನೋಂದಣಾಧಿಕಾರಿಗಳೇ,

ಫಾರ್ಮಸಿ ವಿದ್ಯಾರ್ಥಿಗಳಿಗೆ ನೀವು ಕೊಡುವ ತರಬೇತಿ ಪುಸ್ತಕದ ಹದಿನೇಳನೇ ಪುಟ ಸುಳ್ಳು ಬರೆಯುವುದನ್ನು ಕಲಿಸುತ್ತಿದೆ. ‘ವೈದ್ಯರಲ್ಲಿ ಪ್ರಶ್ನಿಸಿದ ಔಷಧ ಚೀಟಿಗಳು’ ಎಂಬುದು ಅದರ ಘನವಾದ ಶೀರ್ಷಿಕೆ. ಕೆಳಗೆ ಮೊಹರು ಒತ್ತಬೇಕಾದವರು ಯಾರು? ಅದೇ ವೈದ್ಯರು. ಕಳ್ಳನ ಸಹಿ ಇಲ್ಲದೆ ದೂರು ದಾಖಲಾಗದ ಠಾಣೆ ಎಲ್ಲಾದರೂ ಉಂಟೇ?

ಗೋದಾವರಿ ದಂಡೆಯ ನಮ್ಮ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತಿದ್ದೇನೆ. ಕೊಮ್ಮು ರಜಿತ ಇಲ್ಲಿಗೆ ಐನೂರು ಗಂಟೆಗಳ ತರಬೇತಿಗೆ ಬಂದಳು. ಬೀಡಿ ಕಟ್ಟುವ ತಾಯಿಯ ಮಗಳು. ಒಂದು ದಿನ ಎಲ್ಲವ್ವ ಎಂಬ ಮುದುಕಿಯ ಚೀಟಿಯಲ್ಲಿ, ವಾರಕ್ಕೊಮ್ಮೆ ನುಂಗಬೇಕಾದ ಕೀಲುವಾತದ ಮಾತ್ರೆ ದಿನಕ್ಕೊಂದು ಎಂದಿತ್ತು. ಹಾಗೆ ನುಂಗಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ. ರಜಿತ ಅವಳನ್ನು ಕೂರಿಸಿ, ಅಂಗಳ ದಾಟಿ ಡಾಕ್ಟರ ಬಳಿ ಹೋದಳು.

“ಚೀಟಿ ಓದೋದು ನಿನ್ ಕೆಲ್ಸ. ತಿದ್ದೋಕೆ ನೀನ್ಯಾರು?” ಎಂದರಂತೆ. ಆದರೂ ತಿದ್ದಿಕೊಟ್ಟರು.

ಮುಂದಿನ ವಾರ ಎಲ್ಲವ್ವ ಬಿಸಿ ಸರ್ವಪಿಂಡಿ ರೊಟ್ಟಿ ತಂದು, “ಇದನ್ನ ಆ ಮಾತ್ರೆ ಕೊಡೋ ಮಗಳಿಗೆ ಕೊಡಪ್ಪ” ಎಂದಳು. ಫಾರ್ಮಸಿಸ್ಟ್ ಎಂಬ ಹೆಸರು ಅವಳಿಗೆ ಗೊತ್ತಿಲ್ಲ. ಕೆಲಸ ಗೊತ್ತಿತ್ತು.

ರಜಿತ ನಡೆದದ್ದನ್ನು ಹದಿನೇಳನೇ ಪುಟದಲ್ಲಿ ಬರೆದಳು. ಎರಡು ತಿಂಗಳು ಮೊಹರು ಬೀಳಲಿಲ್ಲ. ಮೊಹರಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಕೆಲಸವಿಲ್ಲ. ಕೊನೆಗೆ ನಾನೇ ಹೊಸ ಪುಸ್ತಕ ತಂದುಕೊಟ್ಟು, ಆ ಪುಟದಲ್ಲಿ ‘ಇಲ್ಲ’ ಅಂತ ಬರಿ ತಾಯಿ, ಎಂದೆ.

“ಎಲ್ಲವ್ವ ಬಂದಿದ್ಳಲ್ಲ ಸಾರ್?”

“ಆಸ್ಪತ್ರೆಗೆ ಬಂದಿದ್ಳು. ಪುಸ್ತಕಕ್ಕೆ ಬರೋದು ಬೇಡ.”

ಅರ್ಧ ಗಂಟೆಯಲ್ಲಿ ಮೊಹರು ಬಿತ್ತು. ನಡತೆ: ಉತ್ತಮ.

ಈಗ ಅವಳಿಗೆ ನಮ್ಮಲ್ಲೇ ಗುತ್ತಿಗೆಯ ಕೆಲಸ. ಕಳೆದ ಸೋಮವಾರ ಒಂದು ಚೀಟಿ ಬಂತು. ಒಂದೇ ನೋವಿನ ಮಾತ್ರೆ, ಎರಡು ಕಂಪನಿಯ ಹೆಸರಲ್ಲಿ, ಎರಡು ಸಾಲಲ್ಲಿ; ನುಂಗುವವರಿಗೆ ದುಪ್ಪಟ್ಟು ಮದ್ದು. ರಜಿತ ನೋಡಿದಳು. ಅವಳು ನೋಡಿದ್ದನ್ನು ನಾನೂ ನೋಡಿದೆ. ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸಿ, ಎರಡನ್ನೂ ಎಣಿಸಿ, ‘ಊಟದ ನಂತರ’ ಎಂದು ಬರೆದು ಕೊಟ್ಟಳು. ನಾನೂ ಬಾಯಿ ಬಿಡಲಿಲ್ಲ. ವೃತ್ತಿಪರರನ್ನು ರೂಪಿಸುವುದು ಹೇಗೆಂದು ನೀವು ವರ್ಷವರ್ಷ ವಿಚಾರ ಸಂಕಿರಣ ನಡೆಸುತ್ತೀರಲ್ಲ, ಹೀಗೆ ಸ್ವಾಮಿ. ಐನೂರು ಗಂಟೆ ಸಾಕು.

ಆ ಪುಟದ ಮೊಹರನ್ನು ವೈದ್ಯರ ಕೈಯಿಂದ ಕಿತ್ತು ನಿಮ್ಮ ಕೈಗೆ ತೆಗೆದುಕೊಳ್ಳಿ. ಆಗದಿದ್ದರೆ ಪುಟವನ್ನೇ ಹರಿದುಹಾಕಿ. ನೀವು ಎರಡನ್ನೂ ಮಾಡುವುದಿಲ್ಲವೆಂದು ಬಲ್ಲೆ. ಮುಂದಿನ ತಂಡ ಜೂನ್‌ನಲ್ಲಿ ಬರುತ್ತದೆ. ಅವರಿಗೆ ಆ ಪುಟ ತುಂಬುವುದನ್ನು ಈ ಬಾರಿ ರಜಿತಳೇ ಕಲಿಸುತ್ತಾಳೆ.

ಇಂತಿ,
ಅವಳಿಗೆ ‘ಇಲ್ಲ’ ಬರೆಯಲು ಕಲಿಸಿದ ಮೇಷ್ಟ್ರು